ಒಲೆಯ ಮೇಲಿನ ಕಾರ್ಡು

ಹೊಸನಗರದ ಶಿವರಾಮನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಅದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಓದಿದವರು ಆಮೇಲೆ ಹೇಳುವುದು ಬೇಡ. ಆದರೆ ಅವನ ಬಗ್ಗೆ ಬರೆಯುವವರು ಬೇರೆ ಯಾರೂ ಇಲ್ಲ. ಅವನು ಯಾವ ಸಂಘಕ್ಕೂ ಅಧ್ಯಕ್ಷನಾದವನಲ್ಲ, ಶಾಲೆಗೆ ಗಡಿಯಾರ ದಾನ ಕೊಟ್ಟವನಲ್ಲ, ಪೇಪರಿನಲ್ಲಿ ಅವನ ಫೋಟೊ ಬಂದಿಲ್ಲ. ಹತ್ತಡಿಗೆ ಹನ್ನೆರಡಡಿಯ ಒಂದು ಕೋಣೆಯನ್ನು ಹದಿನೇಳು ವರ್ಷ ನೋಡಿಕೊಂಡವನು, ಅಷ್ಟೆ.

ಆ ಕೋಣೆ ಇರುವುದು ಹೊಸನಗರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ. ಒಂದು ಇಂಟರ್‌ನೆಟ್ ಕಂಪನಿಯದ್ದು. ಕಂಪನಿಯ ಹೆಸರು ಬರೆಯುವುದಿಲ್ಲ; ನಾನಿನ್ನೂ ಅದರ ಅನ್ನ ಉಣ್ಣುತ್ತಿದ್ದೇನೆ. ಕೋಣೆಯೊಳಗೆ ಆಳೆತ್ತರದ ಕಬ್ಬಿಣದ ಒಂದು ರ‍್ಯಾಕು, ಅದರಲ್ಲಿ ಒಂದರ ಮೇಲೊಂದು ಕೂರಿಸಿದ ಯಂತ್ರಗಳು. ನಡುವೆ ಇರುವುದು ರೂಟರ್. ನಗರ ಎಂಬ ಊರು, ನಿಟ್ಟೂರು, ಹುಲಿಕಲ್ ಕಡೆಯ ಫೈಬರ್ ತಂತಿಗಳೆಲ್ಲ ಬಂದು ಸೇರುವುದು ಅದಕ್ಕೆ. ರೂಟರಿನ ಮುಖದಲ್ಲಿ ಅಡ್ಡಡ್ಡ ಗೂಡುಗಳಿವೆ, ಒಂದೊಂದು ಗೂಡಿನಲ್ಲಿ ಒಂದೊಂದು ಕಾರ್ಡು. ಕಾರ್ಡು ಎಂದರೆ ಜೇಬಿಗೆ ಹಾಕಿಕೊಳ್ಳುವಂಥದ್ದಲ್ಲ, ಮಕ್ಕಳ ಸ್ಲೇಟಿಗಿಂತ ದೊಡ್ಡದು, ಎರಡು ಕೈಯಲ್ಲಿ ಹಿಡಿಯಬೇಕು. ಅಂಥದ್ದೊಂದು ಸತ್ತರೆ ಒಂದು ಹೋಬಳಿಯ ಬ್ಯಾಂಕು, ಆಸ್ಪತ್ರೆ, ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಎಲ್ಲ ಒಟ್ಟಿಗೆ ಮಲಗುತ್ತವೆ.

ನಾನು ಗಿರಿಧರ, ಸಾಗರದ ಕಚೇರಿಯ ಇಂಜಿನಿಯರ್. ತೀರ್ಥಹಳ್ಳಿ ಕಡೆಯ ಮೇಷ್ಟರ ಮಗ. ಮೂರು ತಾಲೂಕಿನ ಇಂಥ ಕೋಣೆಗಳೆಲ್ಲ ನನ್ನ ಕೈಕೆಳಗೆ ಬರುತ್ತವೆ. ಶಿವರಾಮ ನನಗಿಂತ ಎಂಟು ವರ್ಷಕ್ಕೆ ಚಿಕ್ಕವನು. ಮೊದಲ ದಿನದಿಂದಲೂ ನಾನು ಅವನನ್ನು ಏಕವಚನದಲ್ಲಿ ಕರೆದೆ, ಅವನು ನನ್ನನ್ನು ಸರ್ ಎಂದ. ಅದರಲ್ಲಿ ಯೋಚಿಸುವಂಥದ್ದು ಏನಾದರೂ ಇದೆ ಎಂದು ನನಗೆ ಹದಿನೇಳು ವರ್ಷ ಅನಿಸಲೇ ಇಲ್ಲ.

ಅವನ ಅಪ್ಪ ಗುತ್ಯಪ್ಪ ಗೇಣಿ ಮಾಡುತ್ತಿದ್ದವರು. ಗೇಣಿ ಜಮೀನು ಸ್ವಂತವಾದಾಗ ಕೈಗೆ ಬಂದದ್ದು ಒಂದೂಕಾಲು ಎಕರೆ ಗದ್ದೆ, ಅದು ಮುಂದೆ ಮೂವರು ಗಂಡುಮಕ್ಕಳಲ್ಲಿ ಪಾಲಾಯಿತು. ಕಿರಿಯವನಾದ ಶಿವರಾಮ ತನ್ನ ಪಾಲನ್ನು ಅಣ್ಣನಿಗೆ ಬಿಟ್ಟು, ಸಾಗರದಲ್ಲಿ ಐಟಿಐ ಓದಿ, ಕಂಬ ಹತ್ತಿ ಕೇಬಲ್ ಎಳೆಯುವ ಕೆಲಸಕ್ಕೆ ಬಂದ. ಕಂಬದಿಂದ ಕೋಣೆಗೆ ಬಂದದ್ದು ಅವನ ಕೈ ನೋಡಿ. ಬೇರೆಯವರು ತಂತಿಗಳನ್ನು ಹುಲ್ಲಿನ ಹೊರೆಯಂತೆ ಸುತ್ತಿ ಬಿಡುತ್ತಿದ್ದರು. ಇವನು ಬಿಡಿಸಿ, ಒಂದೇ ಅಳತೆಗೆ ಕಟ್ಟಿ, ಪ್ರತಿಯೊಂದಕ್ಕೂ ಚೀಟಿ ಅಂಟಿಸಿ, ಊರಿನ ಹೆಸರನ್ನು ಕನ್ನಡದಲ್ಲಿ ಬರೆಯುತ್ತಿದ್ದ. ಮೂರು ತಾಲೂಕಿನಲ್ಲಿ ಕತ್ತಲಲ್ಲೂ ಕೈಹಾಕಿ ಕೆಲಸ ಮಾಡಬಹುದಾದ ರ‍್ಯಾಕು ಇದ್ದದ್ದು ಅದೊಂದೇ.

ಆದರೂ ಅವನು ಕಂಪನಿಯವನಲ್ಲ. ಗುತ್ತಿಗೆದಾರನ ಕಡೆಯವನು. ಕುತ್ತಿಗೆಯಲ್ಲಿ ನೇತಾಡುವ ಗುರುತಿನ ಚೀಟಿಯಲ್ಲಿ ಯಾರೋ ಕಾಣದ ಗುತ್ತಿಗೆದಾರನ ಹೆಸರು. ಹದಿನೇಳು ವರ್ಷದಲ್ಲಿ ಗುತ್ತಿಗೆದಾರರು ನಾಲ್ಕು ಸಲ ಬದಲಾದರು, ನಾಲ್ಕು ಸಲವೂ ಶಿವರಾಮ ಕಾಗದದ ಮೇಲೆ ಹೊಸದಾಗಿ ಕೆಲಸಕ್ಕೆ ಸೇರಿದ. ಅವನು ಯಾರಿಗೂ ಹೇಳಿಕೊಂಡು ಅಳುವವನಲ್ಲ. ಆದರೆ ಮದುವೆ ಮನೆಯಲ್ಲಿ ಯಾರಾದರೂ ಎಲ್ಲಿ ಕೆಲಸ ಎಂದು ಕೇಳಿದರೆ ‘ಹೊಸನಗರದಲ್ಲಿ’ ಎಂದಷ್ಟೇ ಹೇಳಿ ಪಾಯಸ ಬಡಿಸಲು ಹೋಗಿಬಿಡುತ್ತಿದ್ದ ಎಂದು ಅವನ ಹೆಂಡತಿ ಆಶಾ ಒಮ್ಮೆ ನನ್ನ ಹೆಂಡತಿಯ ಹತ್ತಿರ ನಗುತ್ತಾ ಹೇಳಿದ್ದಳು.

ಆ ವರ್ಷ ಬೇಸಗೆಯಲ್ಲಿ ಒಂದು ಸುದ್ದಿ ಬಂತು. ಮೂರು ತಾಲೂಕಿನಿಂದ ಹನ್ನೊಂದು ಜನ ಗುತ್ತಿಗೆಯವರನ್ನು ಸೆಪ್ಟೆಂಬರಿನಲ್ಲಿ ಕಂಪನಿಯ ನೌಕರರನ್ನಾಗಿ ಮಾಡುತ್ತಾರೆ, ಅವರ ಮೇಲೆ ಯಾವ ದೂರೂ ಇರಬಾರದು. ಹೆಸರು ಕಳಿಸುವ ಕೆಲಸ ನನ್ನದು. ಮೊದಲ ಹೆಸರು ಶಿವರಾಮನದೇ ಬರೆದೆ. ಆ ಪುಣ್ಯಕಾರ್ಯವನ್ನಾದರೂ ಮಾಡಿದ್ದೇನೆ. ಫೋನ್ ಮಾಡಿ ಹೇಳಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ, ಹೊಸ ಚೀಟಿಯಲ್ಲಿ ಹೆಸರಿನ ಕೆಳಗೆ ಏನು ಬರೆಯುತ್ತಾರೆ ಎಂದು. ‘ನೆಟ್‌ವರ್ಕ್ ಟೆಕ್ನಿಷಿಯನ್’ ಎಂದೆ. ಅದನ್ನು ಇನ್ನೊಮ್ಮೆ ಹೇಳಿಸಿಕೊಂಡ.

ಇನ್ನು ಬೂಷ್ಟಿನ ವಿಷಯ. ನಮ್ಮ ಕಡೆ ಜೂನ್ ಬಂದರೆ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಗೋಡೆಗೆ ಬೂಷ್ಟು. ದೂರದಲ್ಲಿ ಕೂತು ನಿಯಮ ಬರೆಯುವವರಿಗೆ ಇದು ಗೊತ್ತಿರಬೇಕೆಂದೇನಿಲ್ಲ. ನಿಯಮದ ಪ್ರಕಾರ, ರೂಟರಿನ ಕಾರ್ಡು ಕೆಟ್ಟರೆ ಬೇಕಾಗುತ್ತದೆಂದು ಕೊಡುವ ಬದಲಿ ಕಾರ್ಡನ್ನು ಅದೇ ಕೋಣೆಯ ಬೀರುವಿನಲ್ಲಿ ಇಡಬೇಕು. ಎ.ಸಿ. ಇದೆಯಲ್ಲ ಎನ್ನುತ್ತಾರೆ. ಇದೆ, ಕರೆಂಟು ಇದ್ದಾಗ ಇದೆ. ಮಳೆಗಾಲದಲ್ಲಿ ಜನರೇಟರು ರೂಟರನ್ನು ಎಳೆದುಕೊಂಡು ಹೋದರೇ ಹೆಚ್ಚು. ಹಿಂದಿನ ವರ್ಷ ಅಕ್ಟೋಬರಿನಲ್ಲಿ ಆ ಬೀರು ತೆರೆದಾಗ ಬದಲಿ ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಬಿಳಿ ಕೂದಲಿನಂಥದ್ದು ಬೆಳೆದಿತ್ತು, ಅಂಚಿನಲ್ಲಿ ಕಿಲುಬು ಕಟ್ಟಿತ್ತು. ಅದಕ್ಕೆ ನೋಟಿಸು ಬಂದದ್ದು ನನಗೆ: ಸ್ವತ್ತಿನ ರಕ್ಷಣೆಯಲ್ಲಿ ನಿರ್ಲಕ್ಷ್ಯ. ಆ ಕಾಗದ ನನ್ನ ಫೈಲಿನಲ್ಲಿ ಇವತ್ತಿಗೂ ಇದೆ.

ಹೊಸ ಬದಲಿ ಕಾರ್ಡು ಮೇ ತಿಂಗಳಲ್ಲಿ ಬಂತು. ಜೂನಿನ ಮೊದಲ ವಾರ ಶಿವರಾಮ ಫೋನ್ ಮಾಡಿದ.

“ಸರ್, ಇದನ್ನ ಬೀರುವಲ್ಲಿ ಬಿಟ್ರೆ ಹೋದ್ವರ್ಷದ್ದೇ ಕಥೆ. ನಮ್ಮನೆ ಒಲೆ ಮೇಲೆ ಅಟ್ಟ ಇದ್ಯಲ್ಲ, ಅಮ್ಮ ಬೀಜ ಇಡೋದು. ಮಳೆ ಮುಗಿಯೋ ತನಕ ಅಲ್ಲಿ ಇಡ್ಲಾ?”

ನನಗೆ ನಗು ಬಂತು. ಲಕ್ಷಗಟ್ಟಲೆ ಬೆಲೆಯ ಕಾರ್ಡು ಸೌತೆ ಬೀಜದ ಪಕ್ಕದಲ್ಲಿ. ಆದರೆ ಆ ಅಟ್ಟದ ಬಿಸಿಯಲ್ಲಿ ಯಾವುದೂ ಹಾಳಾಗುವುದಿಲ್ಲ ಎಂದು ಮಲೆನಾಡಿನಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನಮ್ಮ ಮನೆಯಲ್ಲೂ ಮುರುಗಲ ಸಿಪ್ಪೆ, ಬಿತ್ತನೆ ಬೀಜ, ಅಜ್ಜನ ಪಂಚಾಂಗದ ಕಟ್ಟು ಎಲ್ಲ ಇರುತ್ತಿದ್ದದ್ದು ಅಲ್ಲಿಯೇ. ಇನ್ನೊಂದು ನೋಟಿಸು ಬರುವುದು ನನಗೂ ಬೇಕಿರಲಿಲ್ಲ.

“ಇಡು ಮಾರಾಯ,” ಎಂದೆ. “ಬರ್ಕೊಳ್ಳೋದೆಲ್ಲ ಬೇಡ. ಸುಮ್ನೆ ಇಟ್ಟಿರು.”

ಈ ಎರಡು ಮಾತು ನನ್ನವು. ಇವನ್ನು ಹೇಳಿದವನು ನಾನೇ, ಸ್ಪಷ್ಟವಾಗಿ, ಹಗಲು ಹೊತ್ತಿನಲ್ಲಿ, ಕಚೇರಿಯ ಕುರ್ಚಿಯಲ್ಲಿ ಕೂತು.

ಮನೆಗೆ ಗ್ಯಾಸು ಬಂದು ಎಷ್ಟೋ ವರ್ಷವಾದರೂ ಶಿವರಾಮನ ತಾಯಿ ಹೂವಮ್ಮ ಮಳೆಗಾಲದಲ್ಲಿ ಸೌದೆ ಒಲೆ ಬಿಟ್ಟವಳಲ್ಲ. ಮಗ ಬೆಳ್ಳಿ ಬಣ್ಣದ ಚೀಲದಲ್ಲಿ ಸುತ್ತಿದ ಕಾರ್ಡನ್ನು ತಂದಾಗ ಆಕೆಯೇ ದೊಡ್ಡ ಬಿಸ್ಕತ್ತಿನ ಡಬ್ಬವೊಂದನ್ನು ತೊಳೆದು, ಒರೆಸಿ, ಅರ್ಧ ದಿನ ಒಲೆಯ ಬಳಿ ಒಣಗಿಸಿ ಕೊಟ್ಟಳಂತೆ. ಬೀಜ ಕಾಪಾಡಿದ ಜಾಗ ಇದನ್ನು ಕಾಪಾಡದೆ ಇರುತ್ತದೆಯೇ ಎಂದಳಂತೆ. ದಿನಕ್ಕೊಮ್ಮೆ ಡಬ್ಬ ಮುಟ್ಟಿ ನೋಡುತ್ತಿದ್ದಳು, ತೀರ ಬಿಸಿಯಾಗಬಾರದು, ತಣ್ಣಗೂ ಆಗಬಾರದು ಎಂದು. ಮೊಮ್ಮಗಳು ಸುಷ್ಮಾ ಅದರ ಹತ್ತಿರ ಸುಳಿದರೆ ಗದರುತ್ತಿದ್ದಳು. ಕಂಪನಿಯ ಬೀರುವಿಗೆ ಅಂಥ ಕಾವಲು ಎಂದೂ ಇರಲಿಲ್ಲ.

ಜುಲೈ ನಡುವಿನಲ್ಲಿ ಒಂದು ಬೆಳಿಗ್ಗೆ ಹತ್ತರ ಸುಮಾರಿಗೆ ರೂಟರಿನ ಮೂರನೇ ಗೂಡಿನ ಕಾರ್ಡು ಸತ್ತಿತು. ನಗರದಿಂದ ಹುಲಿಕಲ್‌ವರೆಗೆ ಎಲ್ಲ ಸ್ತಬ್ಧ. ಕಾಲೇಜು ಸೀಟಿಗೆ ಮಕ್ಕಳು ಆಯ್ಕೆ ತುಂಬಲು ಅಂದೇ ಕೊನೆಯ ದಿನ. ಊರೂರಿನ ಮಕ್ಕಳು ಅಪ್ಪಂದಿರ ಜೊತೆ ಸೈಬರ್ ಅಂಗಡಿಗಳ ಮುಂದೆ ಕೊಡೆ ಹಿಡಿದು ನಿಂತಿದ್ದರು. ಸಾಗರದ ಬದಲಿ ಕಾರ್ಡನ್ನು ತೀರ್ಥಹಳ್ಳಿಗೆ ಕೊಟ್ಟು ತಿಂಗಳಾಗಿತ್ತು. ಶಿವಮೊಗ್ಗದಿಂದ ತರಿಸಿದರೆ ಮರುದಿನ. ನಾನು ಶಿವರಾಮನಿಗೆ ಫೋನ್ ಮಾಡಿ ಮನೆಯದನ್ನು ತೆಗೆದುಕೊಂಡು ಬಾ ಎಂದೆ. ನಮ್ಮ ಕಂಪನಿಯ ಜಾಲ ಬಿದ್ದಿದ್ದರಿಂದ ಅವನು ಮಾತಾಡಿದ್ದು ಬೇರೆ ಕಂಪನಿಯ ಸಿಮ್ಮಿನಲ್ಲಿ. ಅವನು ಆಗಲೇ ಮನೆಯಲ್ಲಿದ್ದ. ನಾನು ಹೇಳುವ ಮೊದಲೇ ಕೋಣೆಯಿಂದ ಸ್ಕೂಟರ್ ಹತ್ತಿ ಅಲ್ಲಿಗೆ ಬಂದಿದ್ದ.

ಆಗ ಒಂದು ಮಾತು ಹೆಚ್ಚಿಗೆ ಹೇಳಿದೆ. ರೂಲ್ ಪ್ರಕಾರ ಐದು ಫೋಟೊ ಬೇಕು, ಯಾವುದನ್ನೂ ಬಿಡಬೇಡ, ಸೆಪ್ಟೆಂಬರಿನ ಮುಂಚೆ ಮೇಲಿನವರ ಕಣ್ಣಿಗೆ ನೀನು ಬಿದ್ದರೆ ಒಳ್ಳೆಯದು, ಎಂದೆ. ಅವನ ಒಳ್ಳೆಯದಕ್ಕೇ ಹೇಳಿದ್ದು. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಕಾರ್ಡು ಬದಲಿಸುವುದೆಂದರೆ ಬಲ್ಬು ಬದಲಿಸಿದ ಹಾಗಲ್ಲ. ರೂಟರನ್ನು ಆರಿಸುವ ಹಾಗಿಲ್ಲ, ಆರಿಸಿದರೆ ಉಳಿದ ಹೋಬಳಿಗಳೂ ಮಲಗುತ್ತವೆ. ಓಡುತ್ತಿರುವ ಯಂತ್ರದಿಂದ ಒಂದನ್ನು ಕಿತ್ತು ಇನ್ನೊಂದನ್ನು ಕೂರಿಸಬೇಕು. ಶಿವರಾಮ ಫೋನನ್ನು ಸ್ಪೀಕರಿಗೆ ಹಾಕಿ ಸ್ಟೂಲಿನ ಮೇಲಿಟ್ಟ. ಮಾಡುವುದನ್ನೆಲ್ಲ ಒಂದೊಂದಾಗಿ ಹೇಳುತ್ತಾ ಹೋದ, ನಾನು ಸಾಗರದಲ್ಲಿ ಕೂತು ಹೂಂ ಎನ್ನುತ್ತಾ ಹೋದೆ. ಮೊದಲು ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು, ಅದರ ತಂತಿಯನ್ನು ರ‍್ಯಾಕಿನ ಕಬ್ಬಿಣಕ್ಕೆ ಸಿಕ್ಕಿಸಿದ. ಮೈಯಲ್ಲಿರುವ ಕಾಣದ ಕರೆಂಟು ಕಾರ್ಡಿಗೆ ಹರಿದರೆ ಅದು ಕೂರುವ ಮುಂಚೆಯೇ ಸಾಯುತ್ತದೆ. ಮಳೆಗಾಲದಲ್ಲಿ ಅದೆಲ್ಲ ಬೇಡ ಎನ್ನುವ ಇಂಜಿನಿಯರುಗಳಿದ್ದಾರೆ. ಇವನು ಒಂದು ಸಲವೂ ಬಿಟ್ಟವನಲ್ಲ. ಎಂಟು ಫೈಬರ್ ಬಿಡಿಸಿ ಪ್ರತಿಯೊಂದರ ತುದಿಗೂ ಟೋಪಿ ಹಾಕಿದ. ಎರಡೂ ಸ್ಕ್ರೂಗಳನ್ನು ಒಮ್ಮೆ ಇದನ್ನಷ್ಟು ಒಮ್ಮೆ ಅದನ್ನಷ್ಟು ಸಡಿಲಿಸಿದ. ಎರಡು ಬದಿಯ ಹಿಡಿಗಳನ್ನು ಒಟ್ಟಿಗೇ ಹೊರಕ್ಕೆ ಮಡಚಿ, ಸತ್ತ ಕಾರ್ಡನ್ನು ನೇರವಾಗಿ ಎಳೆದು, ಅಡಿಗೆ ಎಡಗೈ ಕೊಟ್ಟು ಇಳಿಸಿದ. ಆಮೇಲೆ ಖಾಲಿ ಗೂಡಿನೊಳಗೆ ಟಾರ್ಚು ಬಿಟ್ಟು ನೋಡತೊಡಗಿದ.

ಅವಸರ ಮಾಡು ಎಂದೆ. ಅವನು ಮಾಡಲಿಲ್ಲ. ಗೂಡಿನ ಹಿಂಗೋಡೆಯಲ್ಲಿ ಸೂಜಿಯಂಥ ನೂರಾರು ಮುಳ್ಳುಗಳಿರುತ್ತವೆ. ಅವುಗಳಲ್ಲಿ ಒಂದು ಬಾಗಿದ್ದು ಗೊತ್ತಾಗದೆ ಹೊಸ ಕಾರ್ಡನ್ನು ಒತ್ತಿದರೆ, ಹೋಗುವುದು ಕಾರ್ಡಲ್ಲ, ಇಡೀ ರೂಟರು. ಸಾಲು ಸಾಲಾಗಿ ನೋಡಿ ಮುಗಿಸಿದ ಮೇಲೆ ಡಬ್ಬದಿಂದ ಕಾರ್ಡನ್ನು ತೆಗೆದು, ಅಂಚು ಮಾತ್ರ ಹಿಡಿದು, ಗೂಡಿನ ಗೀರಿಗೆ ಕೂರಿಸಿ, ಒಳಗೆ ಜಾರಿಸಿದ. ತಡೆದು ನಿಂತಲ್ಲಿ ನಿಲ್ಲಿಸಿ ಎರಡು ಹಿಡಿಗಳನ್ನೂ ಒಟ್ಟಿಗೆ ಮುಚ್ಚಿದ. “ಕೂತ್ಕಂತು ಸರ್,” ಎಂದ. ಇನ್ನು ಕಾಯುವುದು. ಕಿತ್ತಳೆ ದೀಪ ಮಿಣುಕುತ್ತಿರುತ್ತದೆ, ಐದು ನಿಮಿಷ, ಏಳು ನಿಮಿಷ. ತಾಳ್ಮೆಗೆಟ್ಟವರು ಈ ಹೊತ್ತಿನಲ್ಲೇ ಅದನ್ನು ಕಿತ್ತು ಮತ್ತೆ ಹಾಕಿ ಕೆಡಿಸುವುದು. ಫೋನಿನಲ್ಲಿ ರೂಟರಿನ ಫ್ಯಾನಿನ ಸದ್ದು ಬಿಟ್ಟು ಬೇರೆ ಏನೂ ಕೇಳಿಸುತ್ತಿರಲಿಲ್ಲ. ಆಮೇಲೆ “ಹಸ್ರು” ಎಂದ. ಹನ್ನೆರಡಕ್ಕೆ ಮೊದಲೇ ನಗರ, ನಿಟ್ಟೂರು, ಹುಲಿಕಲ್ ಎಲ್ಲ ಎದ್ದು ಕೂತವು.

ಐದು ಫೋಟೊ ಕಂಪನಿಯ ಗುಂಪಿಗೆ ಹೋದವು. ಬದಲಿ ಕಾರ್ಡು ಇದ್ದ ಜಾಗ, ಅದರ ನಂಬರು, ತೆಗೆದ ಹಳೆ ಕಾರ್ಡು, ಕೂತ ಹೊಸ ಕಾರ್ಡು, ಹಸಿರು ದೀಪ. ಇಪ್ಪತ್ತಮೂರು ಜನ ಹೆಬ್ಬೆರಳು ಎತ್ತಿದರು. ಮೊದಲ ಫೋಟೊವನ್ನು ಅಂದು ಯಾರೂ ಸರಿಯಾಗಿ ನೋಡಲಿಲ್ಲ, ನಾನೂ ನೋಡಲಿಲ್ಲ. ಅದರಲ್ಲಿ ಮಸಿ ಹಿಡಿದ ಅಟ್ಟ, ಬಾಯಿ ತೆರೆದ ಬಿಸ್ಕತ್ತಿನ ಡಬ್ಬ, ಅದರೊಳಗೆ ಬೆಳ್ಳಿ ಚೀಲ, ಪಕ್ಕದಲ್ಲಿ ಬೂದಿಯಲ್ಲಿ ಹೊರಳಿಸಿಟ್ಟ ಸೌತೆ ಬೀಜ, ಮುಚ್ಚಳ ಹಿಡಿದ ಹೂವಮ್ಮನ ಬಳೆಯ ಕೈ. ಇದ್ದ ಜಾಗದ ಫೋಟೊ ತೆಗೆ ಎಂದು ನಿಯಮ ಹೇಳಿತ್ತು, ಅವನು ಇದ್ದ ಜಾಗದ ಫೋಟೊ ತೆಗೆದಿದ್ದ.

ಆಗಸ್ಟಿನಲ್ಲಿ ಕಾಗದ ಬಂತು. ಸ್ವತ್ತಿನ ತನಿಖೆ ಮಾಡುವ ಅಧಿಕಾರಿ ಆದರ್ಶ ಎಂಬವರು ಆ ಫೋಟೊವನ್ನು ದೊಡ್ಡದು ಮಾಡಿ ನೋಡಿದ್ದರು. ಕಂಪನಿಯ ಸ್ವತ್ತು ಖಾಸಗಿ ಮನೆಯ ಅಡುಗೆ ಕೋಣೆಗೆ ಹೋದದ್ದು ಹೇಗೆ, ಯಾರ ಅನುಮತಿಯಿಂದ, ಇಂಥ ದಿನ ಹನ್ನೊಂದು ಗಂಟೆಗೆ ಸಾಗರದ ಕಚೇರಿಯಲ್ಲಿ ವಿಚಾರಣೆ.

ಆದರ್ಶ ಒರಟು ಮನುಷ್ಯನಲ್ಲ. ಮೂವತ್ತೆರಡು ವರ್ಷದವರು, ನಮ್ಮ ತೀರ್ಥಹಳ್ಳಿ ಕಡೆಯವರೇ. ಅವರ ಅಜ್ಜಿಯ ಮನೆಯಲ್ಲೂ ಒಲೆಯ ಮೇಲೆ ಅಟ್ಟ ಇದ್ದದ್ದನ್ನು ನಾನು ಬಲ್ಲೆ, ಆ ಮನೆಯಲ್ಲಿ ಉಂಡಿದ್ದೇನೆ. ಅವರು ಶಿವರಾಮನನ್ನು ಕೂರಿಸಿ, ನೀರು ಕೊಡಿಸಿ, ಬಹುವಚನದಲ್ಲೇ ಮಾತಾಡಿಸಿದರು. ಕಾರ್ಡು ಚೆನ್ನಾಗಿ ಕೆಲಸ ಮಾಡುತ್ತಿದೆ, ಅದು ಸಂತೋಷ, ಆದರೆ ಪ್ರಶ್ನೆ ಅದಲ್ಲ ಎಂದರು. ಶಿವರಾಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

“ಮನೆಗೆ ತಗೊಂಡು ಹೋಗೋಕೆ ನಿಮಗೆ ಯಾರು ಹೇಳಿದ್ರು?” ಎಂದು ಆದರ್ಶ ಕೇಳಿದರು.

ಮೇಜಿನ ಒಂದು ಬದಿಗೆ ನಾನು, ಎದುರಿಗೆ ಅವನು. ಶಿವರಾಮ “ಯಾರೂ ಹೇಳ್ಲಿಲ್ಲ ಸರ್” ಎಂದ. ಹೇಳಿ ನನ್ನ ಕಡೆ ನೋಡಿದ.

ನಾನು ಫೈಲು ನೋಡುತ್ತಿದ್ದೆ. ಫೈಲಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ನನ್ನ ಎದೆ ಹಗುರಾಯಿತು, ಅದನ್ನು ಮುಚ್ಚಿಡುವುದಿಲ್ಲ. ಇವನು ನನ್ನನ್ನು ಉಳಿಸುತ್ತಿದ್ದಾನೆ ಎಂದುಕೊಂಡೆ. ದೊಡ್ಡ ಮನಸ್ಸಿನವನು, ಇವನಿಗೆ ಹೇಗಾದರೂ ಮುಂದೆ ಸಹಾಯ ಮಾಡಬೇಕು ಎಂದೂ ಅಂದುಕೊಂಡೆ. ಹೇಡಿಗಳಿಗೆ ಇಂಥ ಯೋಚನೆಗಳು ಬಹಳ ಬೇಗ ಬರುತ್ತವೆ.

ಆದರ್ಶ ನನ್ನ ಕಡೆ ತಿರುಗಿ, ಸಾಗರದ ಕಚೇರಿಗೆ ಇದು ಗೊತ್ತಿತ್ತೇ ಎಂದರು. ನಿವೃತ್ತಿಗೆ ಮೂರು ವರ್ಷ. ಫೈಲಿನಲ್ಲಿ ಆಗಲೇ ಒಂದು ನೋಟಿಸು. ನಾನು ಹೆದರಿದೆ. ಬೇರೆ ಯಾವ ಕಾರಣವೂ ಇಲ್ಲ, ಹುಡುಕಿದರೂ ಸಿಗುವುದಿಲ್ಲ.

“ಲಿಖಿತವಾಗಿ ತಿಳಿಸಿರ್ಲಿಲ್ಲ,” ಎಂದೆ.

ಆದರ್ಶ ಬರೆದುಕೊಂಡರು. ಸಹಿಗೆ ಬಂದ ಹಾಳೆಯಲ್ಲಿ ‘ಸಾಗರ ಕಚೇರಿಗೆ ತಿಳಿಸಿರಲಿಲ್ಲ’ ಎಂದಿತ್ತು. ‘ಲಿಖಿತವಾಗಿ’ ಎಂಬುದು ಬಿಟ್ಟುಹೋಗಿತ್ತು. ನಾನು ಓದಿದೆ. ಎರಡು ಸಲ ಓದಿದೆ. ಓದಿ ಸಹಿ ಹಾಕಿದೆ. ನನ್ನ ಕೆಳಗೆ ಶಿವರಾಮ ಸಹಿ ಹಾಕಿದ. ಅವನ ಅಕ್ಷರ ದುಂಡಗೆ, ತಂತಿಗಳಿಗೆ ಅಂಟಿಸಿದ ಚೀಟಿಗಳಲ್ಲಿ ಇರುವಂಥದ್ದೇ. ಒಂದು ಗಂಟೆಯ ಖಾಸಗಿ ಬಸ್ಸಿಗೆ ಅವನು ಹೊರಟುಹೋದ. ಕಾಫಿಗೆ ಕರೆಯಬೇಕೆಂದಿದ್ದೆ, ಕರೆಯಲಿಲ್ಲ.

ಅದಾಗಿ ನಾಲ್ಕು ದಿನಕ್ಕೆ ಹೂವಮ್ಮ ಒಬ್ಬಳೇ ಬಸ್ಸು ಹತ್ತಿ ಸಾಗರಕ್ಕೆ ಬಂದಳು. ಮಗನಿಗೆ ಹೇಳದೆ ಬಂದಿದ್ದಳು. ಕೈಯಲ್ಲಿ ಚೀಲ, ಚೀಲದಲ್ಲಿ ಆ ಬಿಸ್ಕತ್ತಿನ ಡಬ್ಬ. ನನ್ನ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಒಳಗೆ ಕೈಯಾಡಿಸಿ ನೋಡಿ ಎಂದಳು. ಒಂದು ಹನಿ ನೀರಿಲ್ಲ, ಒಂದು ಚೂರು ತುಕ್ಕಿಲ್ಲ. ತನ್ನ ಡಬ್ಬ ಸರಿಯಿಲ್ಲದೆ ಕಾರ್ಡು ಕೆಟ್ಟಿದೆ, ಅದಕ್ಕೆ ಮಗನ ಮೇಲೆ ದೂರು ಬಂದಿದೆ ಎಂದು ಆಕೆ ತಿಳಿದುಕೊಂಡಿದ್ದಳು. ನಾನು ನಿಧಾನವಾಗಿ ಬಿಡಿಸಿ ಹೇಳಿದೆ, ಕಾರ್ಡು ಚೆನ್ನಾಗಿದೆ, ತಪ್ಪು ಡಬ್ಬದ್ದಲ್ಲ ಎಂದು.

“ಮತ್ತೆ ಯಾರ್ದು ತಪ್ಪು?” ಎಂದಳು.

ನಾನು ಆಕೆಗೆ ಕಾಫಿ ತರಿಸಿದೆ. ಕುಡಿದು, ಲೋಟ ತೊಳೆಯಲು ನಲ್ಲಿ ಎಲ್ಲಿದೆ ಎಂದು ಕೇಳಿದಳು. ಅಲ್ಲೇ ಇಡಿ ಎಂದೆ. ಡಬ್ಬವನ್ನು ಚೀಲಕ್ಕೆ ಹಾಕಿಕೊಂಡು, ಸಾಹೇಬರು ನೀವಿದ್ದೀರಲ್ಲ, ನೋಡ್ಕಳ್ತೀರಿ ಎಂದು ಹೇಳಿ ಹೋದಳು.

ಸೆಪ್ಟೆಂಬರಿನಲ್ಲಿ ಪಟ್ಟಿ ಬಂತು. ಹತ್ತು ಹೆಸರು. ದೂರು ಇದ್ದವನನ್ನು ಗುತ್ತಿಗೆಯಲ್ಲೂ ಇಟ್ಟುಕೊಳ್ಳಬೇಡಿ ಎಂದು ಗುತ್ತಿಗೆದಾರನಿಗೂ ಹೇಳಿದ್ದರು. ಶಿವರಾಮ ಕೋಣೆಯ ಕೀಲಿ ಒಪ್ಪಿಸುವ ದಿನ ನಾನು ತೀರ್ಥಹಳ್ಳಿಯಲ್ಲಿ ಕೆಲಸ ಹಾಕಿಕೊಂಡೆ. ಅವನು ಕೀಲಿಯ ಜೊತೆ ಎಂಟು ಹಾಳೆ ಬರೆದಿಟ್ಟು ಹೋಗಿದ್ದ. ಯಾವ ತಂತಿ ಎಲ್ಲಿಗೆ, ಜನರೇಟರು ಎಷ್ಟು ಹೊತ್ತಿಗೆ ಕೆಮ್ಮುತ್ತದೆ, ಎ.ಸಿ.ಯ ನೀರು ಎಲ್ಲಿ ಸೋರುತ್ತದೆ, ಯಾವ ಸ್ಕ್ರೂ ಅರ್ಧ ಸುತ್ತು ಹೆಚ್ಚಿಗೆ ಕೇಳುತ್ತದೆ. ಹೊಸದಾಗಿ ಬಂದ ಗಣೇಶಮೂರ್ತಿ ಎಂಬವನು ಅದನ್ನು ಓದಿ, ಇಷ್ಟು ಗೊತ್ತಿದ್ದವರನ್ನು ಯಾಕೆ ಬಿಟ್ಟರು ಸರ್ ಎಂದು ನನ್ನನ್ನೇ ಕೇಳಿದ. ಏನೋ ಒಂದು ಹೇಳಿದೆ.

ಇನ್ನು ಮುಂದಿನದು ಹೇಳಲು ನಾಚಿಕೆ. ಮರುವರ್ಷ ಮೇ ತಿಂಗಳಲ್ಲಿ ಮಳೆ ಹೆಚ್ಚಿರುವ ಊರುಗಳಲ್ಲಿ ಬದಲಿ ಕಾರ್ಡುಗಳನ್ನು ಹೇಗೆ ಕಾಪಾಡಬೇಕು ಎಂದು ಸಲಹೆ ಕೇಳಿ ಕಾಗದ ಬಂತು. ನಾನು ಬರೆದೆ. ಗಾಳಿಯಾಡದ ತಗಡಿನ ಪೆಟ್ಟಿಗೆ, ಅದರ ಅಡಿಗೆ ಸದಾ ಉರಿಯುವ ಒಂದು ಚಿಕ್ಕ ಬಲ್ಬು, ಹದವಾದ ಬಿಸಿ, ದಿನಕ್ಕೊಮ್ಮೆ ಮುಟ್ಟಿ ನೋಡುವ ಒಬ್ಬ ಮನುಷ್ಯ. ಒಲೆಯೊಂದನ್ನು ಬಿಟ್ಟು ಹೂವಮ್ಮನ ಅಟ್ಟವನ್ನೇ ಬರೆದಿದ್ದೆ. ಅದು ನಾಲ್ಕು ಜಿಲ್ಲೆಗೆ ನಿಯಮವಾಯಿತು. ಶಿವಮೊಗ್ಗದಲ್ಲಿ ಒಂದು ಸಭೆ ಮಾಡಿ ನನಗೆ ಶಾಲು ಹೊದಿಸಿ ಪ್ರಶಸ್ತಿಪತ್ರ ಕೊಟ್ಟರು. ಕೊಟ್ಟವರು ಆದರ್ಶ. ಸ್ಥಳೀಯ ಅನುಭವದ ಸದುಪಯೋಗ ಎಂದು ಅದರಲ್ಲಿ ಬರೆದಿದೆ. ನಾನು ಅದನ್ನು ತೆಗೆದುಕೊಂಡು, ಕೈ ಮುಗಿದು, ಫೋಟೊಗೆ ನಿಂತೆ.

ನನ್ನ ಹೆಂಡತಿ ವಂದನಾ ಆ ಪತ್ರವನ್ನು ಗೋಡೆಗೆ ಹಾಕಲು ಹೊರಟಾಗ ನಾನು ರೇಗಿದೆ. ಯಾಕೆಂದು ಕೇಳಿದಳು. ಎಲ್ಲ ಹೇಳಬೇಕಾಯಿತು. ಅವಳು ನನ್ನನ್ನು ಬೈಯಲಿಲ್ಲ. ಅವನೆಲ್ಲಿದ್ದಾನೆ ಈಗ, ಹೋಗಿ ನೋಡಿ ಬನ್ನಿ ಎಂದಳು. ಹೋಗಲು ಮತ್ತೆ ಐದು ತಿಂಗಳು ತೆಗೆದುಕೊಂಡೆ.

ಅವನು ಸಿಗಂದೂರಿನಲ್ಲಿದ್ದ. ಆಶಾಳ ತವರು ಆ ಕಡೆ. ಹಿನ್ನೀರಿಗೆ ಸೇತುವೆ ಆದ ಮೇಲೆ ಲಾಂಚಿಗೆ ಕಾಯುವುದು ತಪ್ಪಿ ಅಲ್ಲಿನ ದೇವಸ್ಥಾನಕ್ಕೆ ಗಾಡಿಗಳು ದಂಡು ದಂಡಾಗಿ ಬರುತ್ತವೆ. ಅವನ್ನು ನಿಲ್ಲಿಸಲು ಬಯಲೊಂದರಲ್ಲಿ ಜಾಗ ಮಾಡಿದ್ದರು. ಶಿವರಾಮನಿಗೆ ಅಲ್ಲಿ ಗಾಡಿಗಳನ್ನು ಹಿಂದಕ್ಕೆ ಮುಂದಕ್ಕೆ ಮಾಡಿಸಿ ಸಾಲಾಗಿ ನಿಲ್ಲಿಸುವ ಕೆಲಸ. ಕುತ್ತಿಗೆಯಲ್ಲಿ ಸೀಟಿ. ಗಾಡಿಗಳು ಒಂದೇ ಅಳತೆಗೆ, ಒಂದೇ ಕೋನಕ್ಕೆ ನಿಂತಿದ್ದವು. ಅದನ್ನು ನೋಡಿಯೇ ಅವನು ಇಲ್ಲಿರುವುದು ನನಗೆ ಖಾತ್ರಿಯಾಯಿತು.

ನನ್ನನ್ನು ಕಂಡು ಆರಾಮಾ ಸರ್ ಎಂದ. ಒಂದು ಮರದ ಕೆಳಗೆ ಕರೆದುಕೊಂಡು ಹೋಗಿ ಕಲ್ಲಿನ ಮೇಲೆ ಟವೆಲು ಹಾಸಿದ. ಮೈ ಇಳಿದಿದ್ದ. ಸುಷ್ಮಾ ಪಿಯುಸಿಗೆ ಸೇರಿದ್ದನ್ನು, ಹೂವಮ್ಮನಿಗೆ ಕಣ್ಣಿನ ಪೊರೆ ತೆಗೆಸಿದ್ದನ್ನು ಹೇಳಿದ. ಪ್ರಶಸ್ತಿಯ ವಿಷಯ ನಾನೇ ತೆಗೆದೆ. ಗಣೇಶಮೂರ್ತಿ ಫೋನಿನಲ್ಲಿ ಹೇಳಿದ್ದ, ಗೊತ್ತು ಎಂದ. ಅವನ ಮುಖದಲ್ಲಿ ಏನೂ ಕಾಣಲಿಲ್ಲ. ನಾನು ಮನೆಯಿಂದ ಕಲಿತುಕೊಂಡು ಬಂದ ಮಾತನ್ನು ಕೊನೆಗೂ ಹೇಳಿದೆ: ಅವತ್ತು ನನ್ನನ್ನು ಉಳಿಸಲು ನೀನು ಸುಳ್ಳು ಹೇಳಿದೆ, ಆ ಋಣ ನನ್ನ ಮೇಲಿದೆ, ಮರೆತಿಲ್ಲ.

ಶಿವರಾಮ ನನ್ನನ್ನು ಅರ್ಥವಾಗದವನಂತೆ ನೋಡಿದ.

“ಉಳ್ಸೋಕೆ ಅಲ್ಲ ಸರ್,” ಎಂದ. “ನಾನು ನಿಮ್ಮ ಹೆಸ್ರು ಹೇಳಿದ್ರೆ, ತಪ್ಪಿಸ್ಕಳ್ಳಾಕೆ ದೊಡ್ಡವರ ಮೇಲೆ ಹಾಕ್ತಾನೆ ಅಂತಿದ್ರು. ಯಾರು ನಂಬ್ತಿದ್ರು? ಅದ್ಕೇ ಯಾರೂ ಹೇಳ್ಲಿಲ್ಲ ಅಂದೆ. ಅಂದು ನಿಮ್ಮನ್ನ ನೋಡ್ದೆ. ಇಲ್ಲ, ನಾನೇ ಹೇಳಿದ್ದು ಅಂತ ನೀವು ಈಗ ಹೇಳ್ತೀರಿ ಅಂತ ಕಾಯ್ತಾ ಇದ್ದೆ.”

ಕುತ್ತಿಗೆಯ ಸೀಟಿ ಸರಿಮಾಡಿಕೊಂಡು, “ಸಹಿ ಹಾಕೋ ತನಕ ಕಾದೆ ಸರ್,” ಎಂದ.

ಒಂದು ವರ್ಷಕ್ಕೂ ಹೆಚ್ಚು ಕಾಲ ನಾನು ಅವನ ದೊಡ್ಡತನದ ನೆರಳಲ್ಲಿ ಕೂತು ತಂಪು ಮಾಡಿಕೊಂಡಿದ್ದೆ. ಅವನು ಕ್ಷಮಿಸಿದ್ದಾನೆ ಎಂದುಕೊಂಡೇ ಉಂಡು ಮಲಗಿದ್ದೆ. ಅವನು ಅಂದು ನನಗೆ ಕೊಟ್ಟದ್ದು ಕ್ಷಮೆಯಲ್ಲ, ಮಾತಾಡುವ ಸರದಿ. ನಾನು ಫೈಲು ನೋಡುತ್ತಾ ಕೂತಿದ್ದೆ.

ಬಯಲಿಗೆ ಎರಡು ಟೆಂಪೊ ಬಂದು ಹಾರನ್ ಹೊಡೆಯತೊಡಗಿದವು. ಶಿವರಾಮ ಎದ್ದ. ಎರಡು ಹೆಜ್ಜೆ ಹೋಗಿ ತಿರುಗಿ ಬಂದ. ದೂರು ತೆಗೆದರೆ ಮುಂದಿನ ಪಟ್ಟಿಗೆ ಹೆಸರು ಸೇರಿಸಬಹುದಂತೆ, ಗಣೇಶಮೂರ್ತಿ ಹೇಳಿದ ಎಂದ. “ನೀವು ಹೇಳಿದ್ದು ಅಂತ ಒಂದು ಸಾಲು ಬರ್ದು ಕೊಡ್ತೀರಾ ಸರ್?”

ನಿವೃತ್ತಿಗೆ ಇನ್ನೂ ಒಂದೂವರೆ ವರ್ಷ ಇತ್ತು. ನೋಡೋಣ ಎಂದೆ.

ಅವನು ತಲೆಯಾಡಿಸಿ ಗಾಡಿಗಳ ಕಡೆ ಹೋದ. ಮನೆಗೆ ಬಂದು ಆ ಸಾಲು ಬರೆಯಲು ಕೂತವನು ಇಷ್ಟೆಲ್ಲ ಬರೆದಿದ್ದೇನೆ. ಕಂಪನಿಗೆ ಇನ್ನೂ ಬರೆದಿಲ್ಲ.